ಮೆರವಣಿಗೆಯ ತಾಮ್ರದ ತಗಡು

೧೯೫೨ರ ಫೆಬ್ರವರಿ ೧೧, ಸೋಮವಾರ. ಬೆಳಿಗ್ಗೆ ಎಂಟೂ ಇಪ್ಪತ್ತಕ್ಕೆ ಚಿತ್ರಕಲಾವಿದೆ ಹ್ಯಾರಿಯೆಟ್ ವಾಸ್ ಶೆರಿಫ್ ಠಾಣೆಗೆ ಬಂದು ದೂರು ಕೊಟ್ಟರು. ಅಚ್ಚು ತೆಗೆಯಲೆಂದು ಅವರು ಕೊರೆದಿಟ್ಟಿದ್ದ ತಾಮ್ರದ ತಗಡು ಕಳುವಾಗಿತ್ತು. ಕ್ರಿಸ್‌ಮಸ್ ಹಿಂದಿನ ರಾತ್ರಿ ಪಕ್ಕದ ಮೂಲನಿವಾಸಿಗಳ ಹಳ್ಳಿಯಾದ ಪ್ಯೂಬ್ಲೋದ ಜನ ಸೌದೆಯ ಬೆಂಕಿಗಳ ನಡುವೆ ಮಾತೆ ಮೇರಿಯನ್ನು ಹೊತ್ತು ನಡೆಯುವ ಮೆರವಣಿಗೆಯ ಚಿತ್ರ ಅದರಲ್ಲಿತ್ತು. ಗುರುವಾರ ಐವತ್ತು ಪ್ರತಿ ಅಚ್ಚಾಗಿ ಅಂಗಡಿಗೆ ಹೋಗಬೇಕಿತ್ತು.

ಎಫ್‌ಐಆರ್ ಬರೆದುಕೊಂಡು ಇನ್ಸ್‌ಪೆಕ್ಟರ್ ಎಲಿಜಿಯೊ ಮಾಯೆಸ್ ಒಂಬತ್ತೂವರೆಗೆ ಹ್ಯಾರಿಯೆಟ್ ಮನೆಯ ಚಿತ್ರಶಾಲೆಗೆ ಹೋದ. ಬೀಗ ಒಡೆದಿರಲಿಲ್ಲ. ಬೇರೆ ತಗಡುಗಳು, ಮೇಜಿನ ಬೆಳ್ಳಿ ಗಡಿಯಾರ ಇದ್ದಲ್ಲೇ ಇದ್ದವು. ಆದರೆ ಆ ತಗಡಿನಿಂದ ತೆಗೆದಿದ್ದ ಒಂದೇ ಒಂದು ಪರೀಕ್ಷಾ ಪ್ರತಿಯೂ ಕಾಣೆಯಾಗಿತ್ತು.

"ಕೀಲಿ ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ. ಇನ್ನೊಂದು, ಒಲೆಗೆ ಸೌದೆ ಹಾಕೋ ಟೆಲೆಸ್ಫೋರ್ ಹತ್ರ. ಪ್ಯೂಬ್ಲೋದವನು."

"ಅವನು ಚಿತ್ರ ನೋಡಿದ್ನಾ?"

"ಶನಿವಾರ ನೋಡಿದ. ಒಂದು ಮುಖ ಅಳಿಸಿಬಿಡಿ ಅಂದ. ಚಿತ್ರಕ್ಕೆ ಅದೇ ಜೀವ, ಆಗಲ್ಲ ಅಂದೆ."

"ಯಾಕೆ ಅಂತ ಕೇಳಿದ್ರಾ?"

"ಇಲ್ಲ."

ಪ್ಯೂಬ್ಲೋದೊಳಗೆ ಶೆರಿಫರ ಅಧಿಕಾರ ನಡೆಯದು. ಹನ್ನೊಂದಕ್ಕೆ ಮಾಯೆಸ್ ಊರ ಗಡಿಯಲ್ಲೇ ಜೀಪು ನಿಲ್ಲಿಸಿ ಅಲ್ಲಿನ ಮುಖ್ಯಸ್ಥನಾದ ಗವರ್ನರ್‌ಗೆ ಹೇಳಿಕಳಿಸಿದ. ಮುದುಕ ಬಂದ. ಅವನ ಹಿಂದೆ ಕಂಬಳಿ ಹೊದ್ದ ಏಳೆಂಟು ಗಂಡಸರು ಬಂದು ದಾರಿಗೆ ಅಡ್ಡ ನಿಂತರು. ಮಾಯೆಸ್ ಜೊತೆ ಬಂದಿದ್ದ ಪೇದೆ ಬೆನಿಟೊನ ಕೈ ಪಿಸ್ತೂಲಿನತ್ತ ಸರಿಯಿತು.

"ಕೈ ತೆಗಿಯೋ!" ಮಾಯೆಸ್ ಗದರಿದ. ಆಮೇಲೆ ಗವರ್ನರ್ ಕಡೆ ತಿರುಗಿದ. "ಅಜ್ಜಾ, ಟೆಲೆಸ್ಫೋರ್ ಬೇಕಿತ್ತು. ಅವರಾಗೇ ಬರಲಿ. ನಾನು ಒಳಗೆ ಕಾಲಿಡಲ್ಲ."

"ಬರದಿದ್ರೆ?"

"ಕಾಯ್ತೀನಿ."

"ಚಳಿ ಜೋರಿದೆಯಪ್ಪಾ. ನಿನ್ನ ಪೇದೆ ಆಗಲೇ ನಡುಗ್ತಿದಾನೆ."

ಯಾರೋ ನಕ್ಕರು. ಆದರೆ ದಾರಿ ಬಿಡಲಿಲ್ಲ.

ಹನ್ನೆರಡೂ ಹತ್ತಕ್ಕೆ ಗುಂಪು ತಾನಾಗಿ ಸರಿಯಿತು. ಟೆಲೆಸ್ಫೋರ್ ಹಿಟ್ಟಿನ ಚೀಲ ಹಿಡಿದು ನಡೆದು ಬಂದ.

"ಕದ್ದಿದ್ದು ನಾನೇ. ತಗೋ. ಅಚ್ಚಿನ ಕಾಗದ ಸುಟ್ಟೆ."

ಜೀಪಿನ ಬಾನೆಟ್ ಮೇಲೆ ಗವರ್ನರ್ ಸಮಕ್ಷಮ ಪಂಚನಾಮೆ ನಡೆಯಿತು. ತಗಡಿನಲ್ಲಿ ಬೆಂಕಿ, ಹೊಗೆ, ಮೇರಿಯ ಪಲ್ಲಕ್ಕಿ ಎಲ್ಲವೂ ಹಾಗೇ ಇದ್ದವು. ಮುಂದಿನ ಸಾಲಿನ ಒಬ್ಬ ಹುಡುಗಿಯ ಮುಖವನ್ನು ಮಾತ್ರ ನುಣ್ಣಗೆ ಕೆರೆದು ತೆಗೆಯಲಾಗಿತ್ತು.

"ಯಾರಿವಳು?"

"ನನ್ನ ಮಗಳು ಕ್ರುಸಿಟಾ. ಹೋದ ತಿಂಗಳು ನ್ಯುಮೋನಿಯಾದಲ್ಲಿ ಹೋದ್ಲು."

"ಮುಖ ಉಳೀಲಿ ಅನ್ನಿಸಲಿಲ್ವಾ?"

"ಅವಳು ಅವತ್ತು ನಡೆದಿದ್ದು ದೇವರ ಜೊತೆ. ಯಾರ್ಯಾರದೋ ಗೋಡೆ ಮೇಲೆ ನೇತಾಡೋಕಲ್ಲ."

ಹನ್ನೆರಡೂ ನಲವತ್ತಕ್ಕೆ ದಸ್ತಗಿರಿಯಾಯಿತು. ಮಾಯೆಸ್ ಕೋಳ ತೊಡಿಸಲಿಲ್ಲ.

ಸಂಜೆ ಠಾಣೆಯಲ್ಲಿ ಆರೋಪಿಯ ಹೇಳಿಕೆ ಓದಿದ ಮೇಲೆಯೇ ಹ್ಯಾರಿಯೆಟ್‌ಗೆ ಆ ಹುಡುಗಿ ಯಾರೆಂದು ತಿಳಿದದ್ದು. ಮಗಳನ್ನು ಮಣ್ಣು ಮಾಡಿದ ಮರುದಿನವೂ ಟೆಲೆಸ್ಫೋರ್ ಹ್ಯಾರಿಯೆಟ್ ಮನೆಗೆ ಎಂದಿನಂತೆ ಕೆಲಸಕ್ಕೆ ಬಂದಿದ್ದ.