ಹನ್ನೊಂದು ಖಾತೆ, ಒಂದೇ ನಂಬರ್

“ನನ್ನ ಅಕೌಂಟ್ ಬಂದ್ ಮಾಡಿದ್ದು ಯಾರು?”

ಸೌಮ್ಯ ಕಂಪ್ಯೂಟರ್ ಪರದೆಯಿಂದ ಕಣ್ಣೆತ್ತಿದಳು. ಬಾಗಿಲಲ್ಲಿ ನಿಂತಿದ್ದ ಯುವಕನ ಅಂಗಿಯ ಮೇಲೆ ದಾರಿಯ ಧೂಳು, ಮುಖದಲ್ಲಿ ತಡೆಹಿಡಿದ ಸಿಟ್ಟು!

“ನಾನೇ. ನಿಮ್ಮ ಹೆಸರು?”

“ಶಾಂತಮೂರ್ತಿ. ಒಡೆಯರಪಾಳ್ಯದ ಕಡೆ ಸಂಘದ ಫೀಲ್ಡ್ ಕೆಲ್ಸ ನಂದು.”

ಕೊಳ್ಳೇಗಾಲದ ಆ ರೇಷ್ಮೆ ಬೆಳೆಗಾರರ ಸಂಘದಲ್ಲಿ ಚಾಕಿ ಹುಳುಗಳನ್ನು, ಅಂದರೆ ಸಾಕಲು ಸಿದ್ಧವಾದ ಮರಿಹುಳುಗಳನ್ನು, ಆ್ಯಪ್‌ನಲ್ಲೇ ಬುಕ್ ಮಾಡಬೇಕಿತ್ತು. ಯಾರಿಗೆ ಖಾತೆ ಕೊಡಬೇಕು, ಯಾರು ಏನನ್ನು ನೋಡಬಹುದು, ಯಾರು ಏನನ್ನು ಬದಲಿಸಬಹುದು ಎಂದು ನಿರ್ಧರಿಸುವ ಅಡ್ಮಿನ್ ಸೌಮ್ಯ. ಯಳಂದೂರಿನವಳು, ಬಿ.ಎಸ್‌ಸಿ. ಪದವೀಧರೆ. ಕೆಲಸಕ್ಕೆ ಸೇರಿ ಒಂದೂವರೆ ತಿಂಗಳಾಗಿತ್ತು.

“ಹನ್ನೊಂದು ಬೆಳೆಗಾರರ ಖಾತೆಗೆ ಒಂದೇ ಮೊಬೈಲ್ ನಂಬರ್ ಇದೆ, ಅದೂ ನಿಮ್ಮದು. ಎಲ್ಲರ ಓಟಿಪಿಯೂ ನಿಮಗೇ ಬರುತ್ತೆ. ಅವರ ಹೆಸರಲ್ಲಿ ನೀವು ಏನು ಬೇಕಾದ್ರೂ ಮಾಡಬಹುದು. ಬಂದ್ ಮಾಡದೆ ಇನ್ನೇನು ಮಾಡ್ಲಿ?”

“ಒಂದ್ ಮಾತು ಕೇಳ್‌ಬೋದಿತ್ತಲ್ವ ಮೇಡಂ? ಆ್ಯಪ್ ತೆಗದ್ರೆ ‘ಅನುಮಾನಾಸ್ಪದ ಬಳಕೆದಾರ’ ಅಂತ ನನ್ನ ಎಸ್ರು ಎಲ್ಲಾರ್ಗೂ ಕಾಣ್ತದೆ. ಅಕ್ಕಪಕ್ಕದ ಊರೋರೆಲ್ಲ ಕಳ್ಳನ್ನ ನೋಡ್ದಂಗೆ ನೋಡ್ತಾವ್ರೆ! ಒಂದ್ಸಲ ನಮ್ ಕಡೆ ಬಂದು ನೋಡಿ, ಆಮೇಲೆ ಬರ್ಕಳಿ ಏನ್ ಬೇಕೋ.”

ಅಷ್ಟೆಂದವನು ಹೊರಟೇಹೋದ.

‘ನಿಯಮದಂತೆಯೇ ನಡೆದಿದ್ದೇನೆ... ಆದರೂ ಆ ಮುಖವೇಕೆ ಮರೆಯುತ್ತಿಲ್ಲ?’

ಮರುದಿನ ಸೌಮ್ಯ ಹನ್ನೊಂದು ಹೆಸರುಗಳ ಪಟ್ಟಿ ಹಿಡಿದು ಬಸ್ಸು ಹತ್ತಿದಳು. ಒಡೆಯರಪಾಳ್ಯದಾಚೆಯ ಆ ಹಳ್ಳಿಯಲ್ಲಿಳಿದಾಗ ಅವಳ ಫೋನಿನಲ್ಲಿ ಸಿಗ್ನಲ್ ಇರಲಿಲ್ಲ. ಪಟ್ಟಿಯ ಮೊದಲ ಹೆಸರಿನ ಚಿಕ್ಕಮಾದಮ್ಮ ಹಿಪ್ಪುನೇರಳೆ ಸೊಪ್ಪು ಕೊಯ್ಯುತ್ತಿದ್ದಳು.

“ಅಜ್ಜಿ, ನಿಮ್ಮ ಖಾತೆಗೆ ಶಾಂತಮೂರ್ತಿ ಅವರ ನಂಬರ್ ಯಾಕೆ ಕೊಟ್ರಿ?”

“ಇನ್ಯಾರ್ದು ಕೊಡಾನೆ? ಇಲ್ಲಿ ಎಷ್ಟು ಬಡ್ಕಂಡ್ರೂ ಪೋನು ಮಾತಾಡಲ್ಲ ಕಣವ್ವ! ಆ ಗುಡ್ಡದ ಮ್ಯಾಕೆ ಓದ್ರೇಯ ಸಿಗ್ನಲ್ಲು. ನನ್ನ ಮಂಡಿ ಅತ್ತದಾ? ಅವ್ನೇ ಅತ್ತಿ ನಮ್ಮೆಲ್ಲಾರ್ಗೂ ಉಳ ತರುಸ್ತಾನೆ.” ಅಜ್ಜಿ ಕಣ್ಣು ಕಿರಿದು ಮಾಡಿದಳು. “ಅವ್ನ ಬಂದ್ ಮಾಡ್ದವ್ಳು ನೀನೇಯ?”

“ಹೌದು...”

“ಬೋ ಚೆಂದಾಗಿದ್ದೀಯೆ. ಬುದ್ಧಿನೂ ಅಂಗೇ ಇರಬಾರ್ದಿತ್ತಾ?”

ಸೌಮ್ಯಳ ಕಿವಿ ಬಿಸಿಯಾಯಿತು. ಆದರೂ ಉಳಿದ ಹತ್ತು ಮನೆಗಳಿಗೆ ಹೋಗಿ, ಒಂದೊಂದೇ ಬುಕಿಂಗ್ ತಾಳೆ ನೋಡಿದಳು. ಬೆಳೆಗಾರರು ಹೇಳಿದಷ್ಟೇ ಹುಳು ಬಂದಿತ್ತು. ಒಂದರಲ್ಲೂ ವ್ಯತ್ಯಾಸವಿರಲಿಲ್ಲ!

ಬಸ್ ನಿಲ್ದಾಣದಲ್ಲಿ ಶಾಂತಮೂರ್ತಿ ಎದುರಾದ.

“ತಪ್ಪು ನನ್ನದೇ,” ಎಂದಳು. “ಆದ್ರೆ ಅಷ್ಟೂ ಖಾತೆ ಮತ್ತೆ ನಿಮ್ಮ ನಂಬರ್‌ಗೆ ಕೊಡಲ್ಲ.”

“ಕ್ಷಮೆ ಕೇಳಾದ್ರಲ್ಲೂ ರೂಲ್ಸಾ ಮೇಡಂ?” ಅವನಿಗೆ ನಗು ಬಂದುಬಿಟ್ಟಿತು.

ಆ ವಾರವೇ ಅವಳು ಆ್ಯಪ್‌ನಲ್ಲಿ ‘ಸಹಾಯಕ’ ಎಂಬ ಹೊಸ ದರ್ಜೆಯನ್ನು ರೂಪಿಸಿದಳು. ಲಿಖಿತ ಒಪ್ಪಿಗೆ ಕೊಟ್ಟ ಬೆಳೆಗಾರರಿಗಾಗಿ ಅವನು ತನ್ನದೇ ಖಾತೆಯಿಂದ ಹುಳು ಬುಕ್ ಮಾಡಬಹುದು. ಅವರ ಬೇರಾವ ವಿವರವನ್ನೂ ಮುಟ್ಟುವಂತಿಲ್ಲ. ಎಲ್ಲರ ಪರದೆಯ ಮೇಲೂ ಹೊಸ ಸೂಚನೆ ಬಂತು: ‘ಶಾಂತಮೂರ್ತಿಯವರಿಂದ ಯಾವ ದುರ್ಬಳಕೆಯೂ ಆಗಿಲ್ಲ. ವಿಚಾರಿಸದೆ ಖಾತೆ ತಡೆದದ್ದು ನನ್ನ ತಪ್ಪು. ಸೌಮ್ಯ, ಅಡ್ಮಿನ್.’

ಒಪ್ಪಿಗೆ ಪತ್ರಗಳನ್ನು ತಲುಪಿಸಲು ಅವನು ಬುಧವಾರಗಳಂದು ಬರತೊಡಗಿದ. ಪತ್ರಗಳು ಮುಗಿದವು. ಬುಧವಾರದ ಚಹಾ ಮಾತ್ರ ಮುಗಿಯಲಿಲ್ಲ...

ನಾಲ್ಕು ತಿಂಗಳ ನಂತರ ಒಂದು ದಿನ ಅವನು ಪೆಚ್ಚುಮುಖ ಹೊತ್ತು ಬಂದ.

“ನನ್ನ ಅಕೌಂಟು ಸಂಘದ ಕಾರ್ಯದರ್ಶಿ ಗುರುಮಲ್ಲಪ್ಪ ಸಾರ್‌ಗೆ ವಹಿಸ್ತಿದ್ದೀರಂತೆ? ಮತ್ತೇನು ತಪ್ಪಾಯ್ತು ನನ್ನಿಂದ?”

“ತಪ್ಪೇನಿಲ್ಲ. ಅಡ್ಮಿನ್ ತನ್ನ ಹತ್ತಿರದವರ ಖಾತೆಯನ್ನ ತಾನೇ ನೋಡ್ಕೋಬಾರದು. ನಿಯಮ.”

“ಹತ್ತಿರದವ್ರಾ?” ಅವನ ದನಿ ಇಳಿಯಿತು. “ಯಾರು... ನಾನಾ?”

ಸೌಮ್ಯ ಪರದೆಯನ್ನು ಅವನತ್ತ ತಿರುಗಿಸಿದಳು. ಖಾತೆ ವರ್ಗಾವಣೆಯ ಅರ್ಜಿಯೆಲ್ಲ ತುಂಬಿತ್ತು. ‘ಸಂಬಂಧ’ ಎಂಬ ಕಾಲಂ ಮಾತ್ರ ಖಾಲಿ.

“ಇಲ್ಲಿ ಏನು ಬರೀಬೇಕು ಅಂತ ನಾನೊಬ್ಬಳೇ ತೀರ್ಮಾನ ಮಾಡೋಕಾಗಲ್ಲ. ನೀವೂ ಹೇಳ್ಬೇಕು.”

ಶಾಂತಮೂರ್ತಿ ಕುರ್ಚಿಯನ್ನು ತಡವಿಕೊಂಡು ಕುಳಿತ.

“ಭಾನುವಾರ ಅವ್ವನ್ನ ಕರ್ಕಂಡು ಯಳಂದೂರ್ಗೆ ಬತ್ತೀನಿ. ನಿಮ್ಮಪ್ಪಾಜಿ ಊಂ ಅನ್ಲಿ, ಆಮೇಲೆ ಬರೀರಿ.”

“ಖಾಲಿ ಬಿಟ್ರೆ ಅರ್ಜಿ ಸೇವ್ ಆಗಲ್ಲ...”

“ಅಂಗಾರೆ ಭಾನುವಾರ್ದ ಗಂಟ ಯಾಕೆ? ಅವ್ವ ಇವತ್ತು ಇಲ್ಲೇ ನಮ್ ಸೋದ್ರತ್ತೆ ಮನೆಗೆ ಬಂದವ್ಳೆ. ಸಾಯಂಕಾಲ್ವೇ ಬತ್ತೀವಿ ಕಣ್ರಿ!”

“ಐದೂವರೆ ಬಸ್ಸಿಗೆ ಬನ್ನಿ,” ಎಂದಳು ಸೌಮ್ಯ ತಲೆ ತಗ್ಗಿಸಿ. “ನಾನೂ ಅದ್ರಲ್ಲೇ ಮನೆಗೆ ಹೋಗೋದು.”