ಹಾಸುಬಂಡೆಯ ಅಳಗುಳಿ

ಶಿವರಾತ್ರಿ ಕಳೆದು ಚಳಿ ಹಿಂದೆ ಸರಿದ ವಾರ. ಭಾನುವಾರ ಬೆಳಗಿನ ಜಾವ, ಇನ್ನೂ ಕಾಗೆ ಕೂಗದ ಹೊತ್ತು. ರಾಜಗೋಪಾಲನಗರದ ಬೆನ್ನಿಗಿರುವ ಗುಜರಿ ಯಾರ್ಡಿಗೆ ಬೆಂಕಿ ಬಿತ್ತು. ಏಳು ಗಂಟೆಗೆ ಯಾರ್ಡಿನ ಮಾಲೀಕ ಸಿದ್ದರಾಜು ಠಾಣೆಗೆ ಬಂದ. ಒಂದು ಶೆಡ್ಡು, ಒಂದು ಲಾರಿ ಸುಟ್ಟಿವೆ. ಲಾರಿಯೊಳಗೆ ಮಲಗಿದ್ದ ಕೂಲಿಯಾಳು ಯಮನಪ್ಪನ ಕೈ ಬೆಂದಿದೆ ಎಂದು ದೂರು ಬರೆಸಿದ.

"ಯಾರ ಮೇಲಾದ್ರೂ ಅನುಮಾನ?" ಇನ್‌ಸ್ಪೆಕ್ಟರ್ ಭಾನುಪ್ರಕಾಶ್ ಕೇಳಿದರು.

"ತಾಮ್ರದ ಕಳ್ಳರೇ ಸಾರ್. ಇನ್ಯಾರು?"

ಎಫ್‌ಐಆರ್ ದಾಖಲಿಸಿ, ಹೆಡ್ ಕಾನ್‌ಸ್ಟೆಬಲ್ ಶಾಂತಿಯವರನ್ನು ಕರೆದುಕೊಂಡು ಇನ್‌ಸ್ಪೆಕ್ಟರ್ ಸ್ಥಳಕ್ಕೆ ಹೋದರು. ತಾಮ್ರದ ರಾಶಿ ಇದ್ದ ಹಾಗೇ ಇತ್ತು.

ಆ ಸೀಮೆಯ ನೆಲವೇ ಹಾಗೆ. ಮೇಲೆ ಮೊಣಕಾಲುದ್ದ ಕೆಮ್ಮಣ್ಣು, ಕೆಳಗೆ ಬೂದುಗಲ್ಲು, ಕಲ್ಲಿನೊಳಗೆ ಹಾಲು ಚೆಲ್ಲಿದಂಥ ಬಿಳಿ ಪಟ್ಟೆ. ಬಾವಿ ತೋಡಿದವರು ನೀರಿಗಿಂತ ಮುಂಚೆ ಬಂಡೆ ಕಂಡರು. ಕೆಲವು ಕಡೆ ಬಂಡೆ ತಾನೇ ಮೇಲೆ ಬಂದು ಅಂಗಳದಷ್ಟು ಅಗಲ ಮಲಗಿರುತ್ತದೆ. ಕಾರ್ಖಾನೆಗಳು ಬರುವ ಮುಂಚೆ ಊರವರು ಅಂಥ ಹಾಸುಬಂಡೆಯ ಮೇಲೆ ರಾಗಿ ಬಡಿದು ತೂರುತ್ತಿದ್ದರು. ಈಗ ಅದರ ಮೇಲೆ ಕಬ್ಬಿಣದ ಗುಡ್ಡೆ. ಲೇತ್ ಯಂತ್ರ ಹೆರೆದು ಬಿಸುಟ ಕಬ್ಬಿಣದ ಚಕ್ಕೆಯಿಂದ ವರ್ಷಗಟ್ಟಲೆ ಎಣ್ಣೆ ಇಳಿದು ಬಂಡೆ ಕಪ್ಪಾಗಿತ್ತು.

ಒಂದು ಮೂಲೆಯಲ್ಲಿ ಮಾತ್ರ ಯಾರೋ ಗುಜರಿ ಸರಿಸಿ, ಗುಡಿಸಿ, ಜಾಗ ಮಾಡಿದ್ದರು. ಅಲ್ಲಿ ಅರೆಸುಟ್ಟ ನೀಲಗಿರಿ ಸೌದೆಯ ತುಂಡುಗಳೊಂದಿಗೆ ಬೂದಿ ಚೌಕಾಕಾರವಾಗಿ ಬಿದ್ದಿತ್ತು. ನಡುವೆ ಎರಡು ಸಾಲು ಪುಟ್ಟ ಗುಳಿಗಳು. ಭಾನುಪ್ರಕಾಶ್ ಲಾಠಿಯ ತುದಿಯಿಂದ ಬಂಡೆ ತಟ್ಟಿದರು. ಟೊಳ್ಳು ಸದ್ದು.

"ಚಪ್ಪಡಿ ಎದ್ದಿದೆ ಸಾರ್," ಶಾಂತಿ ಹೇಳಿದರು. "ಹಿಂದೆ ಇಂಗೇ ನಿಧಾನಕ್ಕೆ ಬೆಂಕಿ ಹಾಕಿ, ಬಂಡೆ ಕಾಯಿಸಿ, ಮೇಲಿನ ಪದರ ಎಬ್ಬಿಸ್ತಿದ್ರಂತೆ."

"ಹಾಗಾದ್ರೆ ಸುಡೋಕೆ ಬಂದೋನಲ್ಲ. ಕಲ್ಲಿಗೆ ಬಂದೋನು."

ಸಿದ್ದರಾಜು ನಕ್ಕ. "ಗುಜರಿಗೆ ಬಂದು ಕಲ್ಲು ಕದಿಯೋನು ಯಾವ ಪುಣ್ಯಾತ್ಮ ಸಾರ್!"

ಪಂಚನಾಮೆ ಬರೆದಾದ ಮೇಲೆ ಕಾವಲುಗಾರ ಚಿನ್ನಪ್ಪನ ಕೋಣೆ ನೋಡಿದರು. ಹಿಂದುಗಡೆ ಅದೇ ನೀಲಗಿರಿ ಸೌದೆ. ಆಸ್ಪತ್ರೆಯಲ್ಲಿ ಯಮನಪ್ಪ ಹೇಳಿದ್ದು ಇಷ್ಟೇ: "ಹೊಗಿ ತುಂಬಿತ್ರೀ. ಚಿನ್ನಪ್ಪಜ್ಜ ಬಾಗ್ಲ ಒಡದು ಎಳದ. ಎಳಿಯೂಮುಂದ 'ನನ್ ತಪ್ಪು, ನನ್ ತಪ್ಪು' ಅಂತಿದ್ದ."

ಮಧ್ಯಾಹ್ನ ಚಿನ್ನಪ್ಪನನ್ನು ಕೂರಿಸಿ ಕೇಳಿದರು. ಎಪ್ಪತ್ತು ದಾಟಿದ ಆಳು; ಹುಬ್ಬು ಸುಟ್ಟಿತ್ತು.

"ಬೆಂಕಿ ಹಾಕಿದ್ದು ಯಾರು?"

"ನಾನೇ ಸಾರ್."

"ಯಾಕೆ?"

"ನಾಳೆ ಬಂಡೆ ಒಡೆಯೋ ಮೆಷಿನ್ ಬತ್ತೈತೆ. ಮನೆ ಕಟ್ತಾರಂತೆ. ಆ ಅಳಗುಳಿ ನಾನು ಕೊರೆದಿದ್ದು, ಮದುವೆಗೆ ಮುಂಚೆ. ರಾಗಿ ಕಾಯೋಕೆ ಬತ್ತಿದ್ಲು ನನ್ನ ಹೆಂಡ್ತಿ ಅಂಜನಮ್ಮ. ಹುಣಸೆ ಬೀಜ ಹಾಕ್ಕೊಂಡು ಆಡ್ತಿದ್ವಿ. ಒಂದಿನಾನೂ ನನ್ನ ಗೆಲ್ಲೋಕೆ ಬಿಡ್ಲಿಲ್ಲ ಸಾರ್ ಅವಳು." ಅವನ ಮುಖದಲ್ಲಿ ನಗು ಬಂದು ಹೋಯಿತು. "ಈಗ ಕಣ್ಣು ಕಾಣಲ್ಲ. ಕೂತ ಕಡೆಯೆಲ್ಲ ನೆಲದ ಮೇಲೆ ಗುಳಿ ಹುಡುಕ್ತಾಳೆ. ಅದಕ್ಕೇ ಚಪ್ಪಡಿ ಎಬ್ಬಿಸಿ ಮನೆಗೆ ಒಯ್ಯೋಣ ಅಂತ."

"ಮರದ ಮಣೆ ತಂದುಕೊಡಬಹುದಿತ್ತಲ್ಲ ಅಜ್ಜ?" ಶಾಂತಿ ಕೇಳಿದರು.

"ತಂದೆ ಕಣವ್ವ. ಕೈಯಾಡಿಸಿ, ಇದು ನಮ್ದಲ್ಲ ಅಂದ್ಬಿಟ್ಲು."

"ಮಾಲೀಕರನ್ನ ಕೇಳಿದ್ರಾ?" ಎಂದರು ಭಾನುಪ್ರಕಾಶ್.

"ಕೇಳ್ದೆ. ಮೆಷಿನ್ ಒಡೆದ ಮೇಲೆ ಜಲ್ಲಿ ಎಷ್ಟಾದ್ರೂ ಹೊತ್ಕೋ ಅಂದ್ರು."

"ಎಣ್ಣೆ ಇಳಿದಿರೋದು ಗೊತ್ತಿರ್ಲಿಲ್ವಾ?"

"ಮೇಲೆ ಗುಡಿಸಿದ್ದೆ. ಕಲ್ಲು ಏನೂ ಕುಡಿಯಲ್ಲ ಅಂದ್ಕೊಂಡಿದ್ದೆ ಸಾರ್. ಸಂದಿಯೊಳಗೆಲ್ಲ ಕುಡಿದಿತ್ತು. ಉರಿ ಓಡಿದ್ದೇ ಕಾಣ್ಲಿಲ್ಲ. ಆ ಉಡ್ಗ ಒಳಗವನೆ ಅಂತ ಆಮೇಲೆ ನೆಪ್ಪಾಯ್ತು." ತಲೆ ತಗ್ಗಿಸಿದ. "ಅವನ ಕೈ ವಾಸಿ ಆಗ್ತದಾ ಸಾರ್?"

"ಆಗ್ತದಂತೆ."

ಬಂಧನದ ಕಾಗದಕ್ಕೆ ಅವನ ಹೆಬ್ಬೆಟ್ಟು ಒತ್ತಿಸಿಕೊಂಡರು.

ಸಂಜೆ ಭಾನುಪ್ರಕಾಶ್ ಯಾರ್ಡಿಗೆ ವಾಪಸು ಹೋಗಿ, ಎದ್ದಿದ್ದ ಚಪ್ಪಡಿಯನ್ನು ಕ್ರೇನಿನಲ್ಲಿ ಎತ್ತಿಸಿ ಠಾಣೆಗೆ ಸಾಗಿಸಿದರು. ಕಳವಿಗೆ ಯತ್ನಿಸಿದ ವಸ್ತು, ಕೋರ್ಟಿಗೆ ತೋರಿಸಬೇಕಾದ ಮುದ್ದೆಮಾಲು.

"ಕಲ್ಲಿಗೂ ಚೀಟಿ ಅಂಟಿಸ್ತೀರಾ ಸಾರ್?" ಎಂದ ಸಿದ್ದರಾಜು.

"ಅಂಟಿಸ್ತೀವಿ. ಕೇಸು ಮುಗಿಯೋವರೆಗೆ ಯಾರೂ ಒಡೆಯೋ ಹಾಗಿಲ್ಲ."

ಮಾರನೆಯ ಬೆಳಿಗ್ಗೆ ಅಂಜನಮ್ಮ ಆಟೋದಲ್ಲಿ ಬಂದರು. ಶಾಂತಿ ಕೈಹಿಡಿದು ಠಾಣೆಯ ಹೊಂಗೆ ಮರದ ಕೆಳಗೆ, ಇಳಿಸಿಟ್ಟಿದ್ದ ಚಪ್ಪಡಿಯ ಪಕ್ಕ ಕೂರಿಸಿದರು. ಮುದುಕಿಯ ಬೆರಳು ಕಲ್ಲಿನ ಮೇಲೆ ಒಂದೊಂದೇ ಗುಳಿ ಇಳಿದು ಹತ್ತಿ, ಒಂದು ಕಡೆ ನಿಂತಿತು.

"ಇಲ್ಲಿ ಸೊಟ್ಟ ಐತೆ," ಎಂದರು. "ಉಳಿ ಜಾರಿತ್ತು. ನನ್ನ ನೋಡ್ಕೊಂಡು ಕೊರೆದ್ರೆ ಇನ್ನೇನಾದಾತು?"

ಚಿನ್ನಪ್ಪ ಮೆಟ್ಟಿಲ ಮೇಲೆ ಪೊಲೀಸರ ನಡುವೆ ನಿಂತಿದ್ದ.

ಅಂಜನಮ್ಮ ಸೆರಗಿನ ಗಂಟು ಬಿಚ್ಚಿ ಹುಣಸೆ ಬೀಜ ತುಂಬತೊಡಗಿದರು. ದೂರದಲ್ಲಿ ಬಂಡೆ ಒಡೆಯುವ ಸದ್ದು ಶುರುವಾಗಿತ್ತು.

"ಎಲ್ಲವ್ನೆ ಇವ್ನು? ಮೊದಲ ಆಟ ನಿಂದೇ, ಬಾರೋ."

"ನೀನು ಆಡ್ತಿರು. ಬತ್ತೀನಿ," ಎಂದು ಚಿನ್ನಪ್ಪ ಜೀಪು ಹತ್ತಿದ.

ನ್ಯಾಯಾಲಯದಿಂದ ಅವನನ್ನು ಜೈಲಿಗೆ ಕರೆದೊಯ್ದದ್ದು ಅದೇ ಸೋಮವಾರ.