ಮೊದಲನೇ ಕ್ಯಾರೆಟ್

"ನೋಡಿ ಟೀಚರ್, ಮೊದಲನೇ ಕ್ಯಾರೆಟ್ಟು! ನಿಯಾಜ್ ಭಾಯ್ ನಂಗೇ ಕೊಟ್ರು!"

ತರಗತಿಯ ಬಾಗಿಲಲ್ಲಿ ನಿಂತಿದ್ದ ಖುರ್ಷಿದಾಳ ಅಂಗೈಯಲ್ಲಿ ಅರಗಿನ ಬಣ್ಣದ ಮರದ ಕ್ಯಾರೆಟ್ ಮಿರಮಿರನೆ ಮಿಂಚುತ್ತಿತ್ತು. ಮಕ್ಕಳಿಗೆ ಊಟದ ಪಾಠ ಹೇಳಲು ರಾಮನಗರದಿಂದ ವಾರಕ್ಕೊಮ್ಮೆ ಬರುವ ಹುಡುಗಿ ಅವಳು. ಬಂದು ಇನ್ನೂ ತಿಂಗಳಾಗಿರಲಿಲ್ಲ...

ವಜೀರಾ ಟೀಚರ ಎದೆಯೊಳಗೆ ಯಾರೋ ಕೆಂಡ ಸುರಿದಂತಾಯಿತು.

'ನಾನು ಬಾಯಿಬಿಟ್ಟು ಕೇಳಿದಾಗ ಕೊಡಲಿಲ್ಲ. ಇವಳಿಗೆ ಕೇಳದೇನೇ ಕೊಟ್ಟನಾ?'

ಚನ್ನಪಟ್ಟಣದ ಪಕ್ಕದ ಆ ಹಳ್ಳಿಯ ಉರ್ದು ಶಾಲೆಗೆ ರೇಷ್ಮೆ ಬಿಚ್ಚುವವರ, ಬೊಂಬೆ ಮಾಡುವವರ ಮಕ್ಕಳೇ ಬರುತ್ತಿದ್ದರು. ಬೆಳಗಾದರೆ ಟೀ, ಬನ್ನು. ಪ್ರಾರ್ಥನೆಗೆ ನಿಂತರೆ ಒಂದಲ್ಲ ಒಂದು ಮಗು ತಲೆಸುತ್ತಿ ಕೂರುತ್ತಿತ್ತು. ಏನು ತಿನ್ನಬೇಕೆಂದು ಹಲಗೆಯ ಮೇಲೆ ಬರೆದರೆ ತಲೆಗೆ ಹೋಗದು, ಕೈಗೆ ಕೊಟ್ಟು ಆಡಿಸಿದರೆ ಹೋದೀತು ಎಂದು ನಿಯಾಜನ ಬೊಂಬೆ ಕಾರ್ಖಾನೆಗೆ ಹೋಗಿ ಮರದ ಮೊಟ್ಟೆ, ಮುದ್ದೆ, ಬದನೆಕಾಯಿ ಮಾಡಿಸಿದವಳು ವಜೀರಾಳೇ.

"ಮೊದಲನೇದು ನಂಗೆ ಕೊಡ್ತೀರಾ?" ಎಂದು ನಾಚುತ್ತಲೇ ಕೇಳಿದ್ದಳು.

ನಿಯಾಜನ ಮುಖ ಕಪ್ಪಿಟ್ಟಿತ್ತು. "ಅದೊಂದು ಕೇಳ್ಬೇಡಿ ಟೀಚರ್. ನಿಮಗೆ ಮಾತ್ರ ಕೊಡಕ್ಕಾಗಲ್ಲ!"

ರೇಷ್ಮೆಯ ಮನೆಯಲ್ಲಿ ಹುಟ್ಟಿ ಬೆಳೆದವಳಿಗೆ ಬೊಂಬೆಯವರ ಮನೆಯ ರೀತಿ ಏನು ಗೊತ್ತು? ಆ ಮಾತು ಅಂದಿನಿಂದ ಮುಳ್ಳಿನಂತೆ ಉಳಿದಿತ್ತು. ಇವತ್ತು ಅದು ಇನ್ನೂ ಆಳಕ್ಕಿಳಿಯಿತು.

"ಬೊಂಬೆ ಆಟ ಸಾಕು. ಎಲ್ಲಾ ಬೀರುವಿಗಿಡಿ!" ಎಂದು ಮಕ್ಕಳ ಮೇಲೆ ರೇಗಿದಳು.

ಮಕ್ಕಳು ಪಿಳಿಪಿಳಿ ನೋಡಿದರು. ಖುರ್ಷಿದಾಳ ನಗು ಬಾಡಿತು.

ಬೊಂಬೆ ಆಡುತ್ತಾ ತರಕಾರಿ ತಿನ್ನಲು ಕಲಿತಿದ್ದ ಮಕ್ಕಳು ಮುಂದಿನ ದಿನಗಳಲ್ಲಿ ಬಿಸಿಯೂಟಕ್ಕೆ ಕೂತು ಸಾರಿನೊಳಗಿನ ತರಕಾರಿ, ಸೊಪ್ಪನ್ನೆಲ್ಲ ಮತ್ತೆ ತಟ್ಟೆಯ ಅಂಚಿಗೆ ತಳ್ಳತೊಡಗಿದರು. ಪುಟ್ಟ ದಿಲ್ಶಾದ್ ವಜೀರಾಳ ಸೆರಗು ಜಗ್ಗಿದಳು.

"ಟೀಚರ್... ನಮ್ ಕ್ಯಾರೆಟ್ ಮೇಲೆ ನಿಮಗ್ಯಾಕೆ ಕೋಪ?"

ವಜೀರಾ ಮಗುವನ್ನು ಬಳಿಗೆಳೆದುಕೊಂಡಳು. 'ಯಾ ಅಲ್ಲಾಹ್! ನನ್ನ ಹೊಟ್ಟೆಕಿಚ್ಚಿಗೆ ಈ ಕಂದಮ್ಮಗಳ ಹೊಟ್ಟೆ ಬರಿದು ಮಾಡಿದೆನಲ್ಲ...'

ಸಂಜೆಯ ನಮಾಜಿನಲ್ಲಿ ಕಣ್ಣೀರಿಟ್ಟು ಕ್ಷಮೆ ಕೇಳಿದಳು. ಬೊಂಬೆಗಳನ್ನು ಮಕ್ಕಳ ಕೈಗೆ ಮರಳಿಸಬೇಕು. ಆದರೆ ಅದಕ್ಕೂ ಮೊದಲು ಎದೆಯ ಮುಳ್ಳು ಕೀಳಲೇಬೇಕು. ನೆಟ್ಟಗೆ ಕಾರ್ಖಾನೆಗೆ ನಡೆದಳು.

"ಖುರ್ಷಿದಾನ ಯಾವಾಗ ನಿಕಾಹ್ ಆಗ್ತೀರಾ?"

ನಿಯಾಜನ ಕೈಲಿದ್ದ ಉಳಿ ಜಾರಿ ಬಿತ್ತು. "ತೋಬಾ ತೋಬಾ! ಅಕ್ಕನ್ನ ಯಾರಾದ್ರೂ ನಿಕಾಹ್ ಆಗ್ತಾರಾ ಟೀಚರ್?"

"ಅಕ್ಕನಾ?!"

ಒಳಗಿಂದ ಅವನ ತಾಯಿ ಬದ್ರುನ್ನೀಸಾ ನಗುತ್ತಾ ಬಂದರು.

"ಹೊಸಾ ಬೊಂಬೆ ಯಾವ್ದೇ ಮಾಡಿದ್ರೂ ಮೊದಲನೇದು ಅಕ್ಕತಂಗೀರಿಗೆ ಕೊಡೋದು ನಮ್ಮನೆ ರೂಢಿ ಕಣಮ್ಮಾ. ಇವನಿಗೆ ಒಡಹುಟ್ಟಿದೋರಿಲ್ಲ. ಅದಕ್ಕೇ ಆ ಹುಡುಗೀನ ಆಪಾ ಅಂತ ಕರೆದು ಕೊಟ್ಟ."

ನಿಯಾಜ್ ತಲೆ ತಗ್ಗಿಸಿದ.

"ನಿಮಗೆ ಕೊಟ್ಟಿದ್ರೆ ನೀವೂ ನಂಗೆ ಅಕ್ಕ ಆಗ್ಬುಡ್ತಿದ್ರಿ... ನನ್ನ ಕೈಲಿ ಆಯ್ತದಾ ಅದು? ಊರೆಲ್ಲಾ ನನ್ನ ಭಾಯ್ ಅಂತದೆ. ನೀವೊಬ್ರು ಒಂದಿನಾನೂ ಅನ್ಲಿಲ್ಲ. ಅದನ್ನೇ ನಂಬ್ಕೊಂಡು ಕೂತಿದ್ದೆ."

ಅವಳ ಕಣ್ಣು ತುಂಬಿ ಬಂತು. ನಿಜ! ಆ ಪದ ಅವಳ ನಾಲಿಗೆಗೆ ಎಂದೂ ಬಂದಿರಲಿಲ್ಲ...

"ಆ ಗೂಡು ತೋರ್ಸೋ, ಯಾಕ್ ಮುಚ್ಚಿಡ್ತೀಯಾ?" ಎಂದು ತಾಯಿ ಮಗನನ್ನು ತಿವಿದರು.

ಗೋಡೆಗೂಡಿನ ಪರದೆ ಸರಿಯಿತು. ಒಳಗೆ ತಟ್ಟೆಯ ತುಂಬ ಮೊಟ್ಟೆ, ಮುದ್ದೆ, ಬದನೆಕಾಯಿ, ಕ್ಯಾರೆಟ್...

"ಎಲ್ಲಾ ಎರಡನೇವು," ಎಂದು ಅವನು ತಟ್ಟೆಯನ್ನು ಅವಳ ಮುಂದಿಟ್ಟ. "ಎರಡನೇದು ಮನೆಗೆ ಬರೋಳಿಗೆ ಅಂತ ಎತ್ತಿಡೋದು."

ದೂರದ ಮಸೀದಿಯಿಂದ ರಾತ್ರಿಯ ಅಜಾನ್ ತೇಲಿಬಂತು. ವಜೀರಾ ಸೆರಗನ್ನು ತಲೆಗೆಳೆದುಕೊಂಡು ಕ್ಯಾರೆಟ್ಟನ್ನು ಎದೆಗೊತ್ತಿಕೊಂಡಳು. ಅವಳ ತುಟಿಯಂಚಿನಲ್ಲಿ ನಗು ಮೂಡಿತು.

"ಈ ತಟ್ಟೇಲಿ ಸೊಪ್ಪೆಲ್ಲಿ?"

"ಸೊಪ್ಪನ್ನ ಮರದಲ್ಲಿ ಕಡೆಯೋಕೆ ಬರಲ್ಲ ಟೀಚರ್. ಅದನ್ನ ನೀವೇ ಬೇಯಿಸಿ ಬಡಿಸ್ಬೇಕು."

"ಬಡಿಸ್ತೀನಿ... ಆದ್ರೆ ನನ್ ಮಕ್ಕಳ ಥರ ಅಂಚಿಗೆ ತಳ್ಳಂಗಿಲ್ಲ!"